ಕೊನೆಯ ಸುಂಡಿಲಿಗಳ ಕಾವಲಿಗೆ ಸುವರ್ಣಾ

ಒಂದು ಜೀವಕುಲವೇ ಭೂಮಿಯಿಂದ ಅಳಿದುಹೋದ ಮೇಲೆ ಉಳಿದಿರುವ ಅದರ ದೇಹವನ್ನೂ ಕೊಳೆಯಲು ಬಿಟ್ಟರೆ ಅದಕ್ಕೆ ಹೊಣೆ ಯಾರು? ಕೇಳಿಯೂ ಸುಮ್ಮನಿರುವ ನೀವಲ್ಲವೇ?

ಬೆಳಗಿನ ಆರು ಗಂಟೆ. ಸ್ಟ್ರಾಟ್‌ಫರ್ಡ್‌ನ ಮಾಲ್ ಇನ್ನೂ ಕದ ತೆರೆದಿಲ್ಲ. ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ, ಹೆಸರಿನ ಫಲಕವೂ ಇಲ್ಲದ ಇಟ್ಟಿಗೆಯ ಕಟ್ಟಡದೊಳಗೆ ಸುವರ್ಣಾ ಬಿರಾದಾರ ಗಾಜಿನ ಬಾಟಲಿಯೊಂದರ ಮುಚ್ಚಳ ತೆರೆಯುತ್ತಾರೆ. ಸತ್ತ ಪ್ರಾಣಿಗಳನ್ನು ಅಧ್ಯಯನಕ್ಕೆಂದು ಮದ್ಯಸಾರದಲ್ಲಿ ಕಾದಿಡುವ ಸಂಗ್ರಹಾಗಾರವಿದು. ಅವರು ಕಡ್ಡಿಯಿಂದ ಒಂದು ಹನಿ ಎತ್ತಿ ಮಣಿಕಟ್ಟಿನ ಮೇಲಿಟ್ಟು ಊದುತ್ತಾರೆ. ತಣ್ಣಗೆ ಕೊರೆದು ಥಟ್ಟನೆ ಆರಿದರೆ ದ್ರವದ ಸತ್ವ ಗಟ್ಟಿಯಿದೆ ಎಂದರ್ಥ. ಒದ್ದೆ ನಿಂತರೆ ಸತ್ವ ಹೋಗಿದೆ. ಸತ್ವ ಅಳೆಯುವ ಗಾಜಿನ ಕೊಳವೆ ಆಮೇಲಿನ ಮಾತು.

“ಎಂತ ಸುವರ್ಣಕ್ಕ, ನಿಮ್ಮ ಇಲಿಗಳಿಗೆ ಇವತ್ತು ಎಷ್ಟು ಪೆಗ್ಗು ಮಾರಾಯ್ರೆ?” ಉಡುಪಿ ಕಡೆಯ ಕಾವಲುಗಾರ ವಿಲ್‌ಫ್ರೆಡ್ ಬಾಗಿಲಲ್ಲೇ ನಿಂತು ಕೆಣಕುತ್ತಾರೆ.

“ಇಲಿ ಅನಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ಸುಂಡಿಲಿ ಇವು. ಇಲಿ ನಿಮ್ಮ ಡಬ್ಬಿಯೊಳಗಿನ ಅನ್ನಾನೂ ಬಿಡಂಗಿಲ್ಲ. ಇವು ಹುಳಾ ಹಿಡದು ತಿಂತಿದ್ದವು, ಪಾಪ.”

ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದ ಕಾಡಿನಲ್ಲಲ್ಲದೆ ಬೇರೆಲ್ಲೂ ಇರದಿದ್ದ, ಐದಾರು ಗ್ರಾಂ ತೂಕದ ಈ ಉದ್ದಮೂತಿಯ ಜೀವಿ ೧೯೮೫ರ ಬಳಿಕ ಯಾರ ಕಣ್ಣಿಗೂ ಬಿದ್ದಿಲ್ಲ. ೨೦೨೫ರಲ್ಲಿ ಅದು ಅಳಿದುಹೋಯಿತೆಂದು ಸಾರಲಾಯಿತು. ಸುವರ್ಣಾ ಅವರ ಬಾಟಲಿಯಲ್ಲಿದ್ದವು ಮೂರು.

ವಿಜಯಪುರದ ಸುವರ್ಣಾ ಅವರಿಗೆ ಈಗ ಐವತ್ತೆಂಟು. ಹದಿನಾಲ್ಕು ವರ್ಷಗಳ ಹಿಂದೆ ಇಲ್ಲಿಗೆ ನೆಲ ಒರೆಸಲು ಬಂದವರು. ನಿವೃತ್ತಿಯ ಅಂಚಿನಲ್ಲಿದ್ದ ಸಂಗ್ರಹದ ಹಿರಿಯ ಪಾಲಕರೊಬ್ಬರು ಅವರಿಗೆ ಹನಿಯ ಪರೀಕ್ಷೆ ಕಲಿಸಿದರು. ಕಟ್ಟಡದಲ್ಲಿ ಎರಡು ಸಾವಿರದ ನೂರು ಬಾಟಲಿಗಳಿವೆ. ದಿನಕ್ಕೆ ಅರವತ್ತನ್ನು ನೋಡುತ್ತಾರೆ. ಸುಂಡಿಲಿಗಳ ಸರದಿ ಪ್ರತಿ ಸೋಮವಾರ. ಬೆರಳುಗಳ ಚರ್ಮ ಬಿರಿದಿದೆ, ಸಂಜೆಯಾದರೆ ತಲೆ ಸಿಡಿಯುತ್ತದೆ. “ಈಸ್ಟ್ ಹ್ಯಾಮ್‌ಗೆ ಹೋಗಿ ಫ್ಲ್ಯಾಟಿನ ಬಾಗ್ಲಾ ತೆಗದ್ರ ಸಾಕು, ಮಗಳು ಸ್ಫೂರ್ತಿ ಮೂಗು ಮುಚ್ಕೋತಾಳ. ‘ಮಮ್, ಯು ಸ್ಮೆಲ್ ಲೈಕ್ ಅ ಹಾಸ್ಪಿಟಲ್’ ಅಂತಾಳ.”

ಕಳೆದ ವಸಂತದಲ್ಲಿ ಅವರು ಮೂರು ವಾರ ರಜೆಯ ಮೇಲೆ ಊರಿಗೆ ಹೋಗುತ್ತಾರೆ. ಬದಲಿಗೆ ಬಂದವನ ಕೈಗೆ ಕಚೇರಿ ಕೊಟ್ಟದ್ದು ಒಂದೇ ಸಾಲಿನ ಸೂಚನೆ: ಬಾಟಲಿಯ ಮೇಲಿನ ಗೆರೆಯವರೆಗೆ ತುಂಬಿಸಿ. ಏನನ್ನು ಎಂದು ಬರೆದಿಲ್ಲ. ಮದ್ಯಸಾರ ಆವಿಯಾಗಿ ತಗ್ಗಿದಲ್ಲಿ ಅವನು ನಲ್ಲಿಯ ನೀರು ತುಂಬಿಸುತ್ತಾನೆ. ತಪಾಸಣೆಗೆ ಬಂದ ಅಧಿಕಾರಿ ಗೆರೆ ನೋಡಿ, ಸರಿಯಿದೆ ಎಂದು ಗುರುತು ಹಾಕಿ ಹೋಗುತ್ತಾರೆ.

ಮರಳಿ ಬಂದ ಸೋಮವಾರ ಸುವರ್ಣಾ ಅವರ ಮಣಿಕಟ್ಟಿನ ಹನಿ ಆರುವುದಿಲ್ಲ. ಊದುತ್ತಾರೆ, ಮತ್ತೆ ಊದುತ್ತಾರೆ. ಬಾಟಲಿ ಬೆಳಕಿಗೆ ಹಿಡಿದರೆ ದ್ರವ ಮಬ್ಬಾಗಿದೆ. ಒಂದು ಸುಂಡಿಲಿಯ ಹೊಟ್ಟೆಯ ರೋಮ ಕಳಚಿ ತಳ ಸೇರಿದೆ. “ಅದು ಕೊಳತ ಹೋಗಿತ್ರಿ. ಇನ್ನೆರಡನ್ನ ಅವಾಗ್ಲೇ ಹೊರಗ ತಗದೆ.”

ಉಳಿದೆರಡನ್ನು ಅವರು ಆರು ದಿನಗಳಲ್ಲಿ, ತೆಳುವಾದ ಮದ್ಯಸಾರದಿಂದ ಗಟ್ಟಿಯಾದದ್ದಕ್ಕೆ ಹಂತಹಂತವಾಗಿ ಸಾಗಿಸಿ ಉಳಿಸುತ್ತಾರೆ. “ಒಮ್ಮಿಗ್ಲೇ ಗಟ್ಟಿ ಹಾಕಿದ್ರ ಮುದುಡಿ ಹೋಗ್ತಾವ.” ಒಂದು ಹಾಳಾಯಿತೆಂದು ತಿಳಿಸಿದಾಗ ಕಚೇರಿಯವನ ಉತ್ತರ ಕೇಳಿ: “ಇನ್ನೂ ಎರಡಿವೆಯಲ್ಲ?” ಒಬ್ಬ ವಿದ್ಯಾವಂತನ ಬಾಯಿಂದ ಬಂದ ಮಾತಿದು! ಎಣಿಕೆ ಬಲ್ಲವನಿಗೆ ಬೆಲೆ ತಿಳಿಯಬಾರದೆ?

ಆಘಾತ ಅಲ್ಲಿಗೂ ಮುಗಿಯುವುದಿಲ್ಲ. ಬರುವ ಜನವರಿಯಿಂದ ದಿನದ ತಪಾಸಣೆಯೇ ಬೇಡ, ವರ್ಷಕ್ಕೊಮ್ಮೆ ಗೆರೆ ನೋಡಿದರೆ ಸಾಕು ಎಂಬ ಪ್ರಸ್ತಾವ ಈಗ ಸಂಗ್ರಹಾಗಾರದ ಟ್ರಸ್ಟಿಗಳ ಮುಂದಿದೆ. ಒಮ್ಮೆ ವಂಚಿಸಿದ ಗೆರೆಯನ್ನೇ ಮತ್ತೆ ನಂಬುವುದು ಮರೆವಲ್ಲ, ಅಪರಾಧ.

“ನನ್ನ ಕೆಲಸ ಹೋದ್ರ ಹೋಗ್ಲಿ ಬಿಡ್ರಿ,” ಎನ್ನುತ್ತಾರೆ ಸುವರ್ಣಾ. “ನನ್ನ ಜಾಗಾಕ್ಕ ಯಾರರೆ ಒಬ್ರು ಇರ್ಲಿ. ಅವರಿಗೆ ಕಲಸಾಕ ಒಂದು ತಿಂಗಳು ಕೊಟ್ರ ಸಾಕು. ಎರಡ ಅದಾವ್ರಿ. ಮೂರನೇದ್ದು ತರೂಣಂದ್ರ ಆ ದ್ವೀಪದಾಗೂ ಇಲ್ಲ.”

ಟ್ರಸ್ಟಿಗಳು ಈ ತಿಂಗಳ ಕೊನೆಯವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ. ಓದುಗರೇ, ಮರುಕಪಟ್ಟು ಪುಟ ಮಡಿಸಬೇಡಿ. ಈ ಪ್ರಸ್ತಾವವನ್ನು ಕೈಬಿಡಿ ಎಂದು ಇಂದೇ ಅವರಿಗೊಂದು ಪತ್ರ ಬರೆಯಿರಿ. ಪತ್ರದ ಕೆಳಗೆ ನಿಮ್ಮ ಪೂರ್ಣ ಹೆಸರು ಹಾಕಿ.