ಬೇಗಮಕ್ಕನ ಕೂಗು ಯಾರ ಸ್ವತ್ತು?

ಬೆಳಕು ಹರಿಯುವ ಮೊದಲೇ ಶಿಕಾರಿಪುರದ ಆ ಸಣ್ಣ ಮನೆಯ ಮುಂದೆ ಬೆಳ್ಳುಳ್ಳಿಯ ವಾಸನೆ ಎದ್ದು ಕೂತಿರುತ್ತದೆ. ಗೋಣಿತಾಟಿನ ಮೇಲೆ ಹರಡಿದ ಗಡ್ಡೆಗಳನ್ನು ಶಹಜಹಾನ್ ಬೇಗಂ ಅಂಗೈಯಲ್ಲಿಟ್ಟು ಅದುಮಿ ನೋಡುತ್ತಾರೆ. ಗಟ್ಟಿ ಇದ್ದದ್ದು ಬುಟ್ಟಿಗೆ, ಮೆತ್ತಗಾದದ್ದು ಪಕ್ಕಕ್ಕೆ. ಮಂಡಿನೋವಿನ ಗಂಡ ಉಸ್ಮಾನ್ ಸಾಬ್ ಗೋಡೆಗೊರಗಿ ಸಿಪ್ಪೆ ಉದುರಿಸುತ್ತ, ಇವತ್ತು ಯಾವ ಕೇರಿಗೆ ಮೊದಲು ಹೋಗಬೇಕೆಂದು ಸಲಹೆ ಕೊಡುತ್ತಾರೆ. ಆ ಸಲಹೆಯನ್ನು ಬೇಗಂ ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿದ್ದಿಲ್ಲ.

ತಳ್ಳುಗಾಡಿ ಕೇರಿಯ ತಿರುವಿಗೆ ಬರುವಾಗ ಅವರಿನ್ನೂ ಬಾಯಿ ತೆರೆದಿಲ್ಲ. ಆದರೂ ಪಕ್ಕದ ಕೇರಿಯಿಂದ ಅವರದೇ ದನಿ ಕೇಳಿಬರುತ್ತದೆ. "ಬಂತವ್ವಾ ಬೆಳ್ಳುಳ್ಳಿ! ಅತ್ತಿ ತಂದ್ರ ಸೊಸಿ ಮೆಚ್ಚಬೇಕು, ಸೊಸಿ ತಂದ್ರ ಅತ್ತಿ ಮೆಚ್ಚಬೇಕು, ಇಬ್ಬರೂ ಮೆಚ್ಚೋ ಬೆಳ್ಳುಳ್ಳಿ ಬಂತವ್ವಾ!"

ಬೇಗಂ ಗಾಡಿ ನಿಲ್ಲಿಸಿ ಕಿವಿಗೊಡುತ್ತಾರೆ. "ನೋಡ್ರಿ, ನಾನು ಇಲ್ಲಿ ನಿಂತೀನಿ. ನನ್ನ ಗಂಟಲು ಅಲ್ಲಿ ವ್ಯಾಪಾರ ಮಾಡ್ತಾ ಐತಿ" ಎನ್ನುತ್ತಾರೆ. ನಗಬೇಕೋ ಸಿಟ್ಟು ಮಾಡಬೇಕೋ ಅವರಿಗೇ ಗೊತ್ತಿಲ್ಲ.

ಐವತ್ತು ದಾಟಿದ ಈ ಹೆಂಗಸನ್ನು ಕೇರಿಯವರು ಕರೆಯುವುದು ಬೇಗಮಕ್ಕ ಎಂದು. ಬೆಳ್ಳುಳ್ಳಿಯೂ ಕೇರಿಯೂ ಅವರಿಗೆ ಅತ್ತೆಯಿಂದ ಬಂದದ್ದು. ಆ ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ತಿರುಗಿದವರು. ಮನೆಯಲ್ಲಿ ಉರ್ದು, ಬುಟ್ಟಿ ತಲೆಗೇರಿದರೆ ಕನ್ನಡ. ಆಗ ತಿರುಗಾಟದ ವ್ಯಾಪಾರಿಗಳಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬರ ಕೂಗನ್ನು ಇನ್ನೊಬ್ಬರು ಕೂಗುವಂತಿಲ್ಲ. ಕೂಗಬೇಕೆಂದಿದ್ದರೆ ಬಾಯಿಬಿಟ್ಟು ಕೇಳಬೇಕು, ಕೇಳಿ ಪಡೆದ ಮೇಲೂ ಕೊಟ್ಟವರ ಕೇರಿಯಲ್ಲಿ ಅದನ್ನು ಎತ್ತಬಾರದು. ಮೈಯಲ್ಲಿ ಶಕ್ತಿ ಕುಂದಿದಾಗ ಅತ್ತೆ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಮನೆಮನೆಯ ಮುಂದೆ ನಿಲ್ಲಿಸಿ ಕೂಗಿಸಿದರು. ಕೇರಿಗೆ ಕೇರಿಯೇ ಬಾಗಿಲಿಗೆ ಬಂದು ಕೇಳಿತು. ವ್ಯಾಪಾರ ಕೈಬದಲಾಯಿಸಿದ್ದು ಹಾಗೆ, ಕಾಗದವಿಲ್ಲ ಪತ್ರವಿಲ್ಲ.

ಕೆಲವು ವರ್ಷಗಳ ಹಿಂದೆ ಬೇಗಮರ ಗಂಟಲು ಕಟ್ಟಿತು. ಡಾಕ್ಟರು ಕೂಗಬೇಡಿ ಎಂದರು. ಕೂಗದೆ ಬೆಳ್ಳುಳ್ಳಿ ಮಾರುವುದು ಹೇಗೆ? ಸೊರಬದಲ್ಲಿ ಈರುಳ್ಳಿ ಬೆಳ್ಳುಳ್ಳಿ ಮಾರುವ ತಂಗಿಯ ಗಂಡ ನಯೀಮ್ ಉಪಾಯ ಹೇಳಿದ. ಗಂಟಲು ಸರಿಯಿದ್ದ ಒಂದು ಬೆಳಿಗ್ಗೆ ಅವರಿಂದ ಚೆಂದಾಗಿ ಕೂಗಿಸಿ ಫೋನಿನಲ್ಲಿ ಹಿಡಿದ. ಅದನ್ನು ಸಣ್ಣ ಸ್ಪೀಕರಿಗೆ ತುಂಬಿ ಗಾಡಿಗೆ ಕಟ್ಟಿಕೊಟ್ಟ. ಆಮೇಲೆ ಮೆಲ್ಲಗೆ, "ಅಕ್ಕಾ, ನಾನೂ ಸೊರಬದಾಗ ಹಾಕ್ಕೊಳ್ಲಾ?" ಎಂದು ಕೇಳಿದ. ಹಳೆಯ ಕಟ್ಟಳೆಯಂತೆ ಕೇಳಿದ, ಹಳೆಯ ಕಟ್ಟಳೆಯಂತೆ ಇವರು ಹೂಂ ಎಂದರು. ಅವನ ಊರು ಬೇರೆ, ತನ್ನ ಕೇರಿ ಬೇರೆ.

ಬೇಗಂ ಎಡವಿದ್ದು ಇಲ್ಲೇ. ಬಾಯಿಂದ ಬಾಯಿಗೆ ಹೋಗುವ ಕೂಗಿಗೆ ಮಾಡಿದ ಕಟ್ಟಳೆ ಫೋನಿಗೆ ಗೊತ್ತಿರಲಿಲ್ಲ. ನಯೀಮನ ಹತ್ತಿರ ಗೆಳೆಯ ಕೇಳಿದ, ಗೆಳೆಯನ ಹತ್ತಿರ ಅವನ ಭಾವ ಕೇಳಿದ. ಆಮೇಲೆ ಕೇಳುವವರೇ ಇಲ್ಲ, ಕಳಿಸುವವರೇ ಎಲ್ಲ. ಈಗ ಬಳ್ಳಿಗಾವಿಯಲ್ಲಿ ಅದೇ ಕೂಗು, ಕುಬಟೂರಿನಲ್ಲಿ ಅದೇ ಕೂಗು. ತಾಳಗುಂದಕ್ಕೆ ಬೇಗಂ ಇದುವರೆಗೂ ಹೋದವರಲ್ಲ, ಅವರ ದನಿ ಮಾತ್ರ ವಾರವಾರವೂ ಹೋಗಿಬರುತ್ತದೆ. ಶಿಕಾರಿಪುರಕ್ಕೆ ಹೊಸದಾಗಿ ಬಂದ ಒಬ್ಬ ಗೃಹಿಣಿ ಒಂದು ದಿನ, "ನೀವೂ ಆ ಆಟೊದವನ ರೆಕಾರ್ಡೇ ಕದ್ದು ಹಾಕ್ಕೊಂಡಿದೀರಲ್ಲ" ಎಂದು ಬೇಗಮರನ್ನೇ ಗದರಿಸಿದರು!

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಕಳೆದ ಮಳೆಗಾಲದಲ್ಲಿ ಕೇರಿಯ ನೀಲಾಂಬಿಕ ಅವರ ಮನೆಯಲ್ಲಿ ಒಂದು ಭರಣಿ ಬೆಳ್ಳುಳ್ಳಿ ಉಪ್ಪಿನಕಾಯಿ ಬೂಷ್ಟು ಹಿಡಿಯಿತು. ಆ ಬೆಳ್ಳುಳ್ಳಿ ಕೊಂಡ ದಿನ ನೀಲಾಂಬಿಕ ಹಿತ್ತಿಲಲ್ಲಿದ್ದರು. ಬೀದಿಯಲ್ಲಿ ಬೇಗಮರ ಕೂಗು ಕೇಳಿ ಕಣ್ಣುಮುಚ್ಚಿ ನಂಬಿ, ಗಂಡನನ್ನು ಕಳಿಸಿ ತರಿಸಿದ್ದರು. ಬಂದಿದ್ದವನು ಯಾರೋ, ಬೇಗಮರ ಕಡೆಯವನೇ ಇರಬೇಕೆಂದು ಗಂಡ ಕೊಂಡುತಂದಿದ್ದರು. ತೂಕ ಏರಲೆಂದು ನೀರು ಚಿಮುಕಿಸಿದ ಮಾಲು.

ಬೂಷ್ಟು ಕಂಡ ಮರುದಿನ ಬೇಗಂ ಹೋದಾಗ ನೀಲಾಂಬಿಕ ಬಾಗಿಲಲ್ಲೇ ತಡೆದರು. "ದನಿ ನಿಮ್ದೇ ಅಲ್ಲೇನ್ರಿ ಬೇಗಮಕ್ಕ? ನನ್ನ ಕಿವಿ ಸುಳ್ಳು ಹೇಳ್ತೈತೇನು?"

"ದನಿ ನಂದೇ ನೀಲವ್ವ. ಬೆಳ್ಳುಳ್ಳಿ ನಂದಲ್ಲ."

ಈ ಮಾತನ್ನು ಯಾರು ನಂಬುತ್ತಾರೆ? ಆ ಬಾಗಿಲು ಮುಚ್ಚಿತು. ಅದನ್ನು ನೋಡಿ ಎದುರು ಮನೆಯದ್ದೂ, ಮೂಲೆ ಮನೆಯದ್ದೂ ಮುಚ್ಚಿದವು. ಅತ್ತೆ ಜೀವ ತೇದು ಕಟ್ಟಿದ ನಂಬಿಕೆ ತನ್ನ ಕಾಲದಲ್ಲಿ, ತನ್ನದೇ ದನಿಯಿಂದ ಹೋಯಿತಲ್ಲ ಎಂಬ ಸಂಕಟ ಬೇಗಮರನ್ನು ಇಂದಿಗೂ ಬಿಟ್ಟಿಲ್ಲ. ಈ ಮಾತು ಬಂದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಬೆಳ್ಳುಳ್ಳಿ ಖಾರ ಎನ್ನುತ್ತಾರೆ.

ನ್ಯಾಯ ಕೇಳಲು ಅವರು ಹೋದದ್ದು ವಾಡಿಕೆಯಾಗಿ ಬೆಳ್ಳುಳ್ಳಿ ಕೊಳ್ಳುವ ಮನೆಯ ವಕೀಲ ಮಹಾಂತೇಶ್ ಹತ್ತಿರ. ವಕೀಲರು ಒಳ್ಳೆಯವರು, ಇದ್ದದ್ದನ್ನೆಲ್ಲ ಹೇಳಿದರು, ಅದೇ ತೊಂದರೆಯಾಯಿತು. "ಹಾಡಿದವರಿಗೆ, ಕೂಗಿದವರಿಗೆ ಹಕ್ಕು ಐತಿ ಅಂತ ವಾದ ಮಾಡಬಹುದು. ಆದರೆ ರೆಕಾರ್ಡ್ ಮಾಡಿದವನು ನಯೀಮ್. ರೆಕಾರ್ಡು ಅವನದು ಅಂತ ಅವನೂ ವಾದ ಮಾಡಬಹುದು. ಇನ್ನು ಆ ಮಾತುಗಳನ್ನ ಕಟ್ಟಿದ್ದು ಯಾರು ಅನ್ನೋದು ಬೇರೆ ಪ್ರಶ್ನೆ" ಎಂದರು. ಒಂದು ಕೂಗಿಗೆ ಮೂವರು ಯಜಮಾನರು! ಬೇಗಂ ಹೋಗುವಾಗ ಇದ್ದ ಗೊಂದಲ ಒಂದು, ಬರುವಾಗ ಮೂರಾಗಿತ್ತು.

ಏಳುವ ಮೊದಲು ಅವರು ವಕೀಲರನ್ನು ಕೇಳಿದ್ದು ಇಷ್ಟು. "ಕದ್ರ ನನ್ನ ಹತ್ರ ಇರಬಾರದಲ್ರಿ? ಗಾಡಿ ಕದ್ರ ಗಾಡಿ ಹೋತು. ಇದು ನನ್ನ ಹತ್ರಾನೂ ಐತಿ, ಅವರ ಹತ್ರಾನೂ ಐತಿ. ಏನೂ ಹೋಗಿಲ್ಲ. ಆದ್ರೂ ಏನೋ ಹೋಗೇತಿ. ಏನು ಹೋತು ಅಂತ ಹೇಳಾಕ ನನಗ ಬರವಲ್ದು."

ಮಾತು ಕಟ್ಟಿದ್ದು ಯಾರೆಂದು ತಿಳಿಯಲು ಅವರು ಕೇರಿಯ ಹಿರಿಯಜ್ಜಿ ಅಕ್ಕನಾಗಮ್ಮನ ಕಟ್ಟೆಗೆ ಹೋದರು. ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. "ಅತ್ತಿ ಸೊಸಿ ಮಾತು ನಾನೇ ಆಡಿದ್ದು ಕಣೇ ನಿಮ್ಮತ್ತಿಗೆ. ನಮ್ಮನಿಯಾಗ ನಾನೂ ನಮ್ಮತ್ತಿನೂ ಜಗಳ ಆಡ್ತಿದ್ವಿ, ಬೆಳ್ಳುಳ್ಳಿಗೆ ಮಾತ್ರ ಒಂದಾಗ್ತಿದ್ವಿ. ಮರುದಿನ ನಿಮ್ಮತ್ತಿ ಅದನ್ನೇ ಕೂಗ್ತಾ ಬಂದ್ಲು. ರಾಗ ಅವಳದು." ಅಜ್ಜಿ ಕೊನೆಗೆ ಚುಚ್ಚದೆ ಬಿಡಲಿಲ್ಲ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಅಂದು ನಾನು ಕೋಡಂಗಿ, ಇಂದು ನೀನು."

ಹಾಗಾದರೆ ತಾನೂ ಕದ್ದವಳೇ? ಬೇಗಂ ಆ ದಿನ ಊಟಕ್ಕೆ ಏಳಲಿಲ್ಲ. "ತಲಿ ಚಿಟ್ಟು ಹಿಡಿದು ಹೋತ್ರಿ" ಎನ್ನುತ್ತಾರೆ. ಉಸ್ಮಾನ್ ಸಾಬ್ ಮೊದಲ ಸಲ ಸಲಹೆ ಕೊಡದೆ ಸುಮ್ಮನೆ ಅನ್ನ ಹಾಕಿಕೊಟ್ಟರು.

ನೆಂದ ಮಾಲು ಮಾರಿದವನು ಸೊರಬದ ಕಡೆಯ ಲಗೇಜ್ ಆಟೊದ ಮಾಳೇಶ ಎಂದು ನಯೀಮ್ ಪತ್ತೆ ಮಾಡಿ ತಿಳಿಸಿದ. ಬೇಗಂ ಬಸ್ಸು ಹತ್ತಿದರು. ಸೊರಬದ ಪೇಟೆಯಲ್ಲಿ ಆಟೊ ನಿಂತಿತ್ತು, ಅವರದೇ ಕೂಗು ಮೊಳಗುತ್ತಿತ್ತು.

"ಈ ಕೂಗು ನಂದಪ್ಪ" ಎಂದರು.

ಮಾಳೇಶ ಕಣ್ಣು ಬಿಟ್ಟ. "ನಿಮ್ದು ಅಂತ ಎಲ್ಲಿ ಬರ್ದದೆ ಅಕ್ಕಾ? ಫೋನಲ್ಲಿ ಬಂತು, ಹಾಕ್ದೆ. ಎಲ್ಲರೂ ಹಾಕ್ತಾರೆ. ನಿಮ್ದೇ ಆದ್ರೆ ಕೂಗಿ ನೋಡುವ."

ಬೇಗಂ ಕೂಗಿದರು. ಬಸ್ಸಿನ ಧೂಳು, ಒಳಗಿನ ದುಃಖ, ಹಳೆಯ ಗಂಟಲು. ನಡುವೆ ಕೆಮ್ಮು ಬಂತು. ಸುತ್ತ ನಿಂತವರಲ್ಲಿ ಒಬ್ಬರು, "ಇದಲ್ಲ ಮಾರಾಯ್ರೆ, ಸ್ಪೀಕರಿಂದೇ ಚೆನ್ನಾಗಿತ್ತು" ಎಂದರು. ತನ್ನ ಕೂಗಿನ ಪರೀಕ್ಷೆಯಲ್ಲಿ ತಾನೇ ನಪಾಸಾದ ಹೆಂಗಸು ಏನು ಮಾಡಬೇಕು?

ಬೇಗಂ ವಾದ ಮಾಡಲಿಲ್ಲ. ಆಟೊದ ಚೀಲದ ಆಳಕ್ಕೆ ಕೈ ಹಾಕಿದರು. ಅಡಿಯ ಗಡ್ಡೆಗಳು ಒದ್ದೆ. ಹಿಡಿದೆತ್ತಿ ಅವನ ಮುಂದೆ ಚಾಚಿದರು. "ನಾನು ಯಾರಾದ್ರೂ ಆಗಲಿ ಬಿಡಪ್ಪ. ಇಬ್ಬರೂ ಮೆಚ್ಚೋ ಬೆಳ್ಳುಳ್ಳಿ ಅಂತ ಕೂಗಿ ಇದನ್ನ ಕೊಡ್ತೀಯಲ್ಲ. ಇದನ್ನ ಯಾವ ಅತ್ತಿ ಮೆಚ್ಚಬೇಕು? ಯಾವ ಸೊಸಿ ಮೆಚ್ಚಬೇಕು?"

ಮಾಳೇಶನ ಮುಖ ಇಳಿಯಿತು. ಸ್ಪೀಕರು ನಿಲ್ಲಿಸಿ, "ಅಳಿಸಿ ಹಾಕ್ತೆ ಅಕ್ಕಾ, ತಪ್ಪಾಯ್ತು" ಎಂದು ಫೋನು ತೆಗೆದ. ಆಗ ಬೇಗಮರ ಬಾಯಿಂದ ಬಂದ ಮಾತು ಅವರಿಗೇ ಆಶ್ಚರ್ಯ: "ಅಳಿಸಬ್ಯಾಡ."

ಯಾಕೆ ಹಾಗೆಂದಿರಿ ಎಂದು ಕೇಳಿದರೆ, ಅದರಲ್ಲಿ ಅತ್ತೆಯ ರಾಗ ಇತ್ತು, ಅದನ್ನು ಒರೆಸಿ ಹಾಕಿ ಎನ್ನಲು ನಾಲಗೆ ಏಳಲಿಲ್ಲ ಎನ್ನುತ್ತಾರೆ. ಮರುಕ್ಷಣ, ಹೇಳಬೇಕಿತ್ತೇನೋ ಎಂದೂ ಎನ್ನುತ್ತಾರೆ. ಈಗ ಅವರು ತಮ್ಮ ಕೇರಿಯಲ್ಲಿ ಸ್ಪೀಕರು ಹಾಕುವುದಿಲ್ಲ. ಕೆಮ್ಮುತ್ತ, ನಿಲ್ಲುತ್ತ ಬಾಯಲ್ಲೇ ಕೂಗುತ್ತಾರೆ. ಎದುರು ಮನೆಯವರು ಮತ್ತೆ ಕೊಳ್ಳತೊಡಗಿದ್ದಾರೆ. ನೀಲಾಂಬಿಕ ಇನ್ನೂ ಕೊಂಡಿಲ್ಲ. ಮೊನ್ನೆ ಹೊಸ್ತಿಲಿಗೆ ಬಂದು, "ಗಂಟಲಿಗೆ ಜ್ಯೇಷ್ಠಮಧು ಹಾಕ್ಕೊಳ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಬೇಗಂ ಅಂದಿನಿಂದ ಆ ಮನೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಕೂಗಿಗೆ ನಿಮ್ಮ ಹೆಸರು ಬೇಕೇ, ದುಡ್ಡು ಬೇಕೇ ಎಂದು ಕೇಳಿದರೆ ತಲೆ ಆಡಿಸುತ್ತಾರೆ. ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ.

"ಅದು ನಂದೋ, ನಮ್ಮತ್ತಿದೋ, ಅಕ್ಕನಾಗಮ್ಮಂದೋ, ಇನ್ನೂ ನನಗ ತಿಳಿದಿಲ್ರಿ. ಯಾರು ಬೇಕಾದ್ರೂ ಕೂಗ್ಲಿ, ಊರೂರು ತಿರುಗ್ಲಿ. ಆದ್ರ ಕೂಗೋರ ಚೀಲದಾಗ ಒಣಗಿದ ಬೆಳ್ಳುಳ್ಳಿ ಇರಲಿ. ನಂದು ಅಂತ ನಾನು ಕೇಳೋದು ಅದೊಂದೇ."