ಬಿಸಿ ಆಯಿಲ್ ಮುಟ್ಟಿ ಹೇಳಿದ ಮಾತು

ಮಕ್ಕಳೇ, ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ತನ್ನ ಕಾರಿನ ಬಾನೆಟ್ ಎತ್ತಿ ನಿಂತು, "ಅಜ್ಜಿ, ತಾತನ ನೋಟ್‌ಬುಕ್ಕಲ್ಲಿ ಟರ್ಬೊ ಇಂಜಿನ್ನಿಗೆ ಇಪ್ಪತ್ತು-ಐವತ್ತು ಆಯಿಲ್ ಅಂತ ಬರ್ದವ್ರೆ. ಅದನ್ನೇ ಹಾಕಿಸ್ಲಾ?" ಎಂದು ಕೇಳಿದಳು. ಬೇಡ ಎಂದೆ. ಯಾಕೆ ಎಂದು ಕೇಳಿದಾಗ ಉತ್ತರ ಕೊಡದೆ ಒಳಗೆ ಹೋಗಿಬಿಟ್ಟೆ. ಎದುರು ನಿಂತು ಮಾತಾಡುವುದು ನನಗೆ ಚಿಕ್ಕಂದಿನಿಂದಲೂ ಆಗಿಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾವಾಗ ಊರಿಗಾಂನಲ್ಲಿದ್ದೆವು. ಬೆಂಗಳೂರಿನ ಯಾರೋ ಕೈಬಿಟ್ಟಿದ್ದ ಒಂದು ಕೆಂಪು ಕಾರನ್ನು ತಂದು, ಮನೆಯ ಪಕ್ಕದ ತಗಡು ಶೀಟಿನ ಕೆಳಗೆ ನಿಲ್ಲಿಸಿ, ಎರಡು ವರ್ಷ ಅದರ ಇಂಜಿನ್ ಬಿಚ್ಚಿ ಕಟ್ಟಿದರು. ಜೋರಾಗಿ ಓಡಲೆಂದೇ ಮಾಡಿದ ಇಂಜಿನ್ನು ಅದು. ಅಂಥದಕ್ಕೆ ಸಿಕ್ಕ ಆಯಿಲ್ ಸುರಿಯುವಂತಿಲ್ಲ ಎನ್ನುತ್ತಿದ್ದರು. ಒಳಗಿನ ಸಂದುಗಳು ಕೂದಲೆಳೆಯಷ್ಟು, ಟರ್ಬೊ ಗಿರ್ರೆಂದು ತಿರುಗುತ್ತದೆ, ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಆಯಿಲ್ ಅಲ್ಲಿಗೆ ಓಡಿ ಮುಟ್ಟಬೇಕು.

ಡಬ್ಬಿಯ ಮೇಲಿನ ಅಂಕಿಗಳನ್ನು ನನಗೆ ಕಲಿಸಿದವರೂ ಅವರೇ. "ಇಲ್ಲಿ ನೋಡೇ, ಐದು-ಮೂವತ್ತು. ಮೊದಲ್ನೇದು ತಣ್ಣಗಿದ್ದಾಗಿನ ಲೆಕ್ಕ, ಎರಡ್ನೇದು ಕಾದಾಗಿಂದು. ರಾಗಿ ಅಂಬಲಿ ಒಲೆ ಮ್ಯಾಲಿದ್ದಾಗ ಎಂಗಿರ್ತದೆ, ಆರಿದ ಮ್ಯಾಲೆ ಎಂಗಾಯ್ತದೆ? ಅಂಗೇ ಇದೂನೂ." ಈ ಕಾರಿಗೆ ಐದು-ಮೂವತ್ತೇ ಸರಿ, ಅದಕ್ಕಿಂತ ಗಟ್ಟಿ ಬೇಡ ಎಂದು ಹತ್ತು ಸಲ ಹೇಳಿದ್ದರು.

ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಆಯಿಲ್ ಅಳೆಯುವ ಕಡ್ಡಿ ಎಳೆದು ನನ್ನ ಮುಂದೆ ಹಿಡಿಯುತ್ತಿದ್ದರು. ಬಿಸಿ ಕಬ್ಬಿಣ ಮುಟ್ಟಿ ಮುಟ್ಟಿ ಅವರ ಬೆರಳ ತುದಿಗಳು ಜಡ್ಡುಗಟ್ಟಿ ಹೋಗಿದ್ದವು, ಏನೂ ತಿಳಿಯುತ್ತಿರಲಿಲ್ಲ. ನನ್ನ ಬೆರಳಿಗೆ ತಿಳಿಯುತ್ತಿತ್ತು. ಬೇತಮಂಗಲದಾಚೆಯ ನನ್ನ ತವರಿನಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತಿದ್ದವಳು ನಾನು. ಊರವರು ನನ್ನನ್ನು ಕೂಗಿ ಕೇಳುತ್ತಿದ್ದರು. ಎರಡು ಬೆರಳ ನಡುವೆ ಆಯಿಲ್ ತಿಕ್ಕಿ, "ನಿನ್ನೆ ತರಾನೇ ಐತೆ" ಎಂದರೆ ಅವರು ಗಾಡಿ ತೆಗೆಯುತ್ತಿದ್ದರು. ಒಮ್ಮೆ ನೀರಾಗಿದೆ ಎಂದೆ. ನೋಡಿದರೆ ಪೆಟ್ರೋಲ್ ಸೇರಿಕೊಂಡಿತ್ತು. ಅವತ್ತು ಅವರು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದರಂತೆ. ನಾನು ವಾರ ಪೂರ್ತಿ ಹೊರಗೆ ತಲೆ ಹಾಕಲಿಲ್ಲ, ನಾಚಿಕೆಗೆ. ಸಂತೋಷವೂ ಇತ್ತು.

ನನ್ನ ತಮ್ಮನಿಗೆ ಆ ಕಾರಿನ ಮೇಲೆ ಪ್ರಾಣ. ಬಂದಾಗಲೆಲ್ಲ ತಾನೇ ತೊಳೆದು ಒರೆಸುತ್ತಿದ್ದ. ಒಂದು ವರ್ಷ ಬೇಸಿಗೆಯಲ್ಲಿ ಇಂಜಿನ್ ಒಳಗಿಂದ ಟಕಟಕ ಎಂಬ ಸಣ್ಣ ಸದ್ದು ಶುರುವಾಯಿತು. ನಾಲ್ಕು ದಿನ ಗಾಡಿ ಶೀಟಿನ ಕೆಳಗೇ ನಿಂತಿತ್ತು, ಬೆಳಿಗ್ಗೆ ಅವರು ಕಡ್ಡಿ ಹಿಡಿದು ನನ್ನನ್ನು ಕರೆಯಲಿಲ್ಲ. ಐದನೆಯ ದಿನ ಸದ್ದಿರಲಿಲ್ಲ, ಅವತ್ತೂ ಕಡ್ಡಿ ಮುಟ್ಟಿಸಲಿಲ್ಲ. ಸರಿ ಮಾಡಿದಿರಾ ಎಂದದ್ದಕ್ಕೆ ಹೂಂ ಎಂದರು. ಸಂಜೆ ತಮ್ಮನಿಗೆ ಫೋನ್ ಮಾಡಿ, ಕಾರು ನಿನಗೇ ಕೊಡುತ್ತೇನೆ ಬಾ ಎಂದರು.

ಮಾರನೆಯ ದಿನ ತಮ್ಮ ಬರುವ ಹೊತ್ತಿಗೆ ಸರಿಯಾಗಿ ಅವರು ಬಂಗಾರಪೇಟೆಗೆ ಒಂದು ಸುತ್ತು ಹೋಗಿಬಂದು ಗಾಡಿ ನಿಲ್ಲಿಸಿದ್ದರು. ತಮ್ಮ ಬಾನೆಟ್ ಮೇಲೆ ಕೈಯಾಡಿಸುತ್ತ, "ಇಂಜಿನ್ ಎಂಗೈತೆ ಬಾವ?" ಎಂದ.

"ನನ್ನ ಕೇಳ್ಬೇಡ ಕಣ್ಲಾ. ನಿಮ್ಮಕ್ಕನ್ನೇ ಕೇಳು. ಈ ಗಾಡಿಗೆ ಡಾಕ್ಟ್ರು ಅವಳೇ," ಎಂದು ನಕ್ಕು, ಅಡುಗೆಮನೆಯಲ್ಲಿದ್ದ ನನ್ನನ್ನು ಕೂಗಿದರು. ಕಡ್ಡಿ ಎಳೆದು ಮುಂದೆ ಹಿಡಿದರು.

ಆಯಿಲ್ ಸುಡುತ್ತಿತ್ತು. ಬೆರಳಿಗೆ ತೆಳ್ಳಗೆ ಜಾರಿತು. ನಾನು ಅದುವರೆಗೆ ಮುಟ್ಟಿದ್ದೆಲ್ಲ ಬೆಳಗಿನ ತಣ್ಣನೆಯ ಆಯಿಲ್ಲೇ. ಇಬ್ಬರು ಗಂಡಸರು ನನ್ನ ಮುಖವನ್ನೇ ನೋಡುತ್ತಿದ್ದರು. ಬೇಗ ಒಳಗೆ ಹೋದರೆ ಸಾಕೆನ್ನಿಸಿ, "ಗಟ್ಟಿ ಏನಿಲ್ಲ, ಸರಿಯಾಗೈತೆ" ಎಂದೆ.

"ಅಕ್ಕ ಏಳಿದ್ಮೇಲೆ ಮುಗೀತು," ಎಂದ ತಮ್ಮ. ಬೇರೆ ಯಾರಿಗೂ ತೋರಿಸದೆ, ದುಡ್ಡು ಕೊಟ್ಟು ತೆಗೆದುಕೊಂಡು ಹೋದ.

ಆ ವರ್ಷದ ಗೌರಿ ಹಬ್ಬಕ್ಕೆ ಹೆಂಡತಿ ಮಕ್ಕಳೊಂದಿಗೆ ಅದೇ ಕಾರಿನಲ್ಲಿ ನನಗೆ ಬಾಗಿನ ತರುತ್ತಿದ್ದ. ಬೇತಮಂಗಲದ ಕೆರೆ ಏರಿಯ ಮೇಲೆ ಇಂಜಿನ್ ದಡಾರನೆ ಸದ್ದು ಮಾಡಿ, ತಿರುಗದೆ ಹಿಡಿದುಕೊಂಡಿತು. ನಡುರಸ್ತೆಯಲ್ಲೇ ಗಾಡಿ ನಿಂತು, ಹಿಂದೆ ಬರುತ್ತಿದ್ದ ಬಸ್ಸು ಒಂದು ಗೇಣಿನಲ್ಲಿ ತಪ್ಪಿತಂತೆ. ತಮ್ಮನ ಹೆಂಡತಿ ಬಾಗಿನದ ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಬಂದಳು. ಮೊರದೊಳಗಿನ ಬಳೆ ಒಂದೂ ಒಡೆದಿರಲಿಲ್ಲ.

ಎಂಟು ದಿನ ಬಿಟ್ಟು ತಮ್ಮ ಒಬ್ಬನೇ ಬಂದ. ಚಪ್ಪಲಿ ಬಿಡಲಿಲ್ಲ.

"ಬಂಗಾರಪೇಟೆ ಮೆಕ್ಯಾನಿಕ್ಕು ಇಂಜಿನ್ ಬಿಚ್ಚಿದ ಅಕ್ಕ. ಬೇರಿಂಗು ಯಾವಾಗ್ಲೋ ಸವೆದೋಗಿತ್ತಂತೆ. ಸದ್ದು ಕೇಳಿಸ್ದಂಗೆ ಗಟ್ಟಿ ಆಯಿಲ್ ಸುರಿದವ್ರೆ ಅಂದ. ಆಲಿಗೆ ಒಂದು ಲೋಟ ನೀರು ಬಿದ್ರೆ ಉಗುರಲ್ಲಿ ಕಂಡಿಡಿಯೋಳು ನೀನು. ಇದು ಗೊತ್ತಾಗ್ಲಿಲ್ವಾ?"

ನಿಮ್ಮ ತಾತ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. "ಅಂಥ ಗಾಡೀನ ಓಡ್ಸೋಕ್ಕೂ ಬರ್ಬೇಕು ಕಣಯ್ಯ," ಎಂದರು, ತಲೆ ಎತ್ತದೆ.

ಬಿಸಿಯಾಗಿತ್ತು ಕಣಪ್ಪ, ನನಗೆ ತಿಳಿಯಲಿಲ್ಲ ಎಂಬ ಮಾತು ಬಾಯಿಗೆ ಬಂತು. ಅದನ್ನು ಹೇಳಿದರೆ ಬೇಕೆಂದೇ ಬಿಸಿ ಮಾಡಿದವರು ಯಾರು ಎಂದೂ ಹೇಳಬೇಕಿತ್ತು. ಸೆರಗಿನ ತುದಿ ಹಿಂಡುತ್ತ ನಿಂತೆ. ತಮ್ಮ ನನ್ನನ್ನು ನೋಡಿ, "ನೀನೂ ಸೇರ್ಕೊಂಡೆ," ಎಂದು ಹೊರಟುಹೋದ.

ಮಾರನೆಯ ಬೆಳಿಗ್ಗೆ ಬಚ್ಚಲೊಲೆಯ ಸೌದೆಯ ಹಿಂದೆ ಒಂದು ಡಬ್ಬಿ ಸಿಕ್ಕಿತು. ಇಪ್ಪತ್ತು-ಐವತ್ತು. ಬೆರಳ ಮೇಲೆ ಹನಿಸಿಕೊಂಡೆ. ತಣ್ಣಗೆ, ಜೋನಿ ಬೆಲ್ಲದಂತೆ ಅಂಟಿಕೊಂಡಿತು. ತಣ್ಣನೆಯ ಹೊತ್ತಿನಲ್ಲಿ ಮುಟ್ಟಿದ್ದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ನನಗೆ ಅಂಬಲಿಯ ಮಾತು ಹೇಳಿ ಕಲಿಸಿದವರೇ ಅದನ್ನು ನನ್ನ ಮೇಲೆ ತಿರುಗಿಸಿದ್ದರು. ಡಬ್ಬಿಯನ್ನು ಅವರ ಕಾಫಿ ಲೋಟದ ಪಕ್ಕದಲ್ಲಿಟ್ಟೆ. ಅವರು ಕಾಫಿ ಕುಡಿದರು, ಡಬ್ಬಿ ಎತ್ತಿಕೊಂಡು ಹೋದರು. ಆಮೇಲೆ ಅವರು ಎಷ್ಟು ಗಾಡಿ ತಂದರೂ ನಾನು ಕಡ್ಡಿ ಮುಟ್ಟಲಿಲ್ಲ. ಅವರೂ ಕರೆಯಲಿಲ್ಲ.

ಆ ವರ್ಷದ ನಂತರ ತವರಿನಿಂದ ಬಾಗಿನ ಬರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಹೊಸಿಲು ತೊಳೆದು, ಮಧ್ಯಾಹ್ನದವರೆಗೆ ಬೇತಮಂಗಲದ ಬಸ್ಸುಗಳ ಹೊತ್ತನ್ನು ಎಣಿಸುತ್ತಿದ್ದೆ. ಆರನೆಯ ವರ್ಷ ನಿಮ್ಮ ತಾತ ತೀರಿಕೊಂಡರು. ತಮ್ಮ ಬಂದು, ದೂರದಲ್ಲಿ ನಿಂತು, ಹೋದ. ಬಾಗಿನ ಮುತ್ತೈದೆಗೆ ಕೊಡುವಂಥದು. ಇನ್ನು ಅದು ನನಗೆ ಬರುವಂತೆಯೇ ಇಲ್ಲ.

ತಾತ ನಿಮ್ಮನ್ನು ಹೆಗಲ ಮೇಲೆ ಹೊತ್ತು ಆಡಿಸಿದವರು. ಅದೂ ಸುಳ್ಳಲ್ಲ. ಆದರೆ ಆ ನೋಟ್‌ಬುಕ್ಕಿನ ಇಪ್ಪತ್ತು-ಐವತ್ತು ಸದ್ದು ಅಡಗಿಸಲು ಬರೆದಿಟ್ಟದ್ದು, ನಿಮ್ಮ ಗಾಡಿಗಲ್ಲ. ಕಂಪನಿಯವರು ಪುಸ್ತಕದಲ್ಲಿ ಬರೆದಿರುವ ಅಂಕಿಯನ್ನೇ ಹಾಕಿಸಿ. ಸದ್ದು ಬಂದರೆ ಬರಲಿ, ಮುಚ್ಚಬೇಡಿ, ಇಂಜಿನ್ ಬಿಚ್ಚಿ ನೋಡಿಸಿ.

ಹೋದ ಭಾನುವಾರ ದೊಡ್ಡವಳು ನನ್ನನ್ನು ತಮ್ಮನ ಮನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಅಂಗಳದಲ್ಲಿ ನಿಂತೇ ಹೇಳಿದೆ. "ಅವತ್ತು ಆಯಿಲ್ ಬಿಸಿಯಾಗಿತ್ತು ಕಣೋ. ಬೇಕಂತ್ಲೇ ಕಾಯಿಸಿ ನನ್ನ ಕೈಲಿ ಮುಟ್ಟಿಸಿದ್ರು. ನಾನು ಸೇರ್ಕೊಂಡಿರ್ಲಿಲ್ಲ."

ಹುಲ್ಲಿನ ಕಂತೆಯನ್ನು ಕೆಳಗಿಟ್ಟ. "ಮೆಕ್ಯಾನಿಕ್ಕು ಏಳಿದ ದಿನಾನೇ ಇದು ಬಾವನ ಕೆಲ್ಸ ಅಂತ ಗೊತ್ತಾಯ್ತು. ನೀನು ಅಲ್ಲ ಅಂತೀಯ ಅಂತ್ಲೇ ಬಂದಿದ್ದೆ ಕಣಕ್ಕ. ಒಂದು ಮಾತು ಸಾಕಿತ್ತು," ಎಂದ. ಮತ್ತೆ ಕಾರಿನ ಕಡೆ ತಿರುಗಿ ದೊಡ್ಡವಳಿಗೆ, "ಎಷ್ಟು ದೂರದಿಂದ ಬಂದಿದ್ದೀಯವ್ವ, ಆಯಿಲ್ ನೋಡಿದ್ಯಾ?" ಎಂದ.

ಕಾಫಿ ಕುಡಿದು, ಗಾಡಿ ಆರುವವರೆಗೂ ಕಾದ. ಬಾನೆಟ್ ಎತ್ತಿಸಿ ತಾನೇ ಕಡ್ಡಿ ಎಳೆದ. ನಾನು ಪಕ್ಕದಲ್ಲೇ ನಿಂತಿದ್ದೆ, ಕೈ ತನ್ನಷ್ಟಕ್ಕೆ ಮುಂದೆ ಹೋಗಿತ್ತು. ಅವನು ಕಡ್ಡಿಯನ್ನು ನನ್ನತ್ತ ಚಾಚದೆ, ತನ್ನ ಎರಡು ಬೆರಳ ನಡುವೆ ಆಯಿಲ್ ತಿಕ್ಕಿ ನೋಡಿದ, ಪಂಚೆಯ ಅಂಚಿಗೆ ಒರೆಸಿಕೊಂಡ, ಕಡ್ಡಿಯನ್ನು ಮತ್ತೆ ಒಳಗೆ ತೂರಿಸಿದ.