ಪುಣೆಯಿಂದ ಬೆಂಗಳೂರಿಗೆ ಒಂದೂವರೆ ಗಂಟೆ ಅಷ್ಟೇ

ಸ್ನೇಹಿತರೇ, ಅವಸರದಲ್ಲೇ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಬೆಳಿಗ್ಗೆ ಅಪ್ಪನನ್ನು ಬೆಂಗಳೂರಿನ ವಿಮಾನಕ್ಕೆ ಬಿಟ್ಟು ಬಂದೆ. ಅವರಿಗೆ ಅದೇ ಮೊದಲ ವಿಮಾನ. "ಆಕಾಶದಲ್ಲಿ ಎಷ್ಟು ದೂರ ಆಗುತ್ತೆ?" ಎಂದು ಅಮ್ಮ ಕೇಳಿದರು. "ಏಳ್ನೂರು ಚಿಲ್ಲರೆ ಕಿಲೋಮೀಟರ್ ಅಮ್ಮ, ಒಂದೂವರೆ ಗಂಟೆ ಅಷ್ಟೇ" ಎಂದು ಧೈರ್ಯ ಹೇಳಿದೆ. ಹೇಳಬಾರದಿತ್ತು. ಅಮ್ಮ ಗಡಿಯಾರದ ಎದುರು ಕೂತುಬಿಟ್ಟರು.

ಒಂದೂವರೆ ಗಂಟೆ ಕಳೆಯಿತು. ಅದರ ಮೇಲೆ ಇನ್ನೂ ಒಂದೂವರೆ ಗಂಟೆ ಕಳೆಯಿತು. ಅಪ್ಪನ ಫೋನ್ ಸ್ವಿಚ್ ಆಫ್. ಮೊಬೈಲಿನಲ್ಲಿ ಹುಡುಕೋಣವೆಂದರೆ, ಏನು ನೋಡಬೇಕಾಗುತ್ತದೋ ಎಂಬ ಭಯ.

ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಇಲ್ಲಿನವರ ಮಾತಲ್ಲಿ ಕಾಕು, ತಮ್ಮ ಮಗನಿಗೆ ಫೋನ್ ಮಾಡಿದರು. ಅವನ ಕೆಲಸ ವಿಮಾನ ನಿಲ್ದಾಣದಲ್ಲೇ. ಮಾತು ಮುಗಿಸಿ ನಮ್ಮ ಕಡೆ ತಿರುಗಿದರು. "ಅಹೋ, ವಿಮಾನ ಉಶಿರಾ ಸುಟಲಂ!"

ಪುಣೆಗೆ ಹೊಸಬಳಾದ ನನಗೆ ಕೇಳಿಸಿದ್ದು ಎರಡೇ ಮಾತು: ಉಸಿರು, ಸುಟ್ಟಿತು. ಅಮ್ಮ ಗೋಡೆ ಹಿಡಿದು ಕುಸಿದರು. ನಾನು ಓಡಿಹೋಗಿ ಅವರನ್ನು ಹಿಡಿದುಕೊಂಡೆ. ಕಾಕು ಗಾಬರಿಯಾಗಿ ಅದನ್ನೇ ಇನ್ನೂ ಜೋರಾಗಿ ಕೂಗಿದರು. "ಸುಟಲಂ, ಸುಟಲಂ!"

ಅಷ್ಟರಲ್ಲಿ ಅಪ್ಪನ ಫೋನ್. "ಈಗಷ್ಟೇ ಇಳಿದೆ ಕಣಮ್ಮಾ. ತಡವಾಗಿ ಹೊರಡ್ತು."

ಕಾಕು ಹೇಳಿದ್ದೂ ಅದನ್ನೇ. ಮರಾಠಿಯಲ್ಲಿ ಉಶಿರಾ ಎಂದರೆ ತಡವಾಗಿ, ಸುಟಲಂ ಎಂದರೆ ಹೊರಟಿತು.

ಅಮ್ಮ ನೀರು ಕುಡಿದು, "ವಾಪಸ್ ಬಸ್ಸಲ್ಲೇ ಬರ್ಲಿ" ಎಂದರು. ಬಸ್ ಎಂಬುದಷ್ಟೇ ಅರ್ಥವಾದ ಕಾಕು ತಲೆಯಾಡಿಸಿದರು. "ಬಸ್? ತೀ ತರ್ ರೋಜ್ ಉಶಿರಾ ಸುಟತೆ!"